ಚುಕ್ಕಿ ಬೀಳುವ ಮೊದಲು

ಮಿರಜದಿಂದ ಅಥಣಿಗೆ ಹೊರಟ ಬಸ್ಸಿನಲ್ಲಿ ಸ್ನೇಹಲ ಟೀಚರಿಗೆ ಸಿಕ್ಕಿದ್ದು ಒಬ್ಬ ದ್ರಾಕ್ಷಿ ಬೆಳೆಗಾರನ ಮತ್ತು ಅವನ ಹೆಂಡತಿಯ ಹಿಂದಿನ ಸೀಟು. ಅವನ ಕಿವಿಯ ಕೆಳಗೆ ಆಪರೇಷನ್ನಿನ ಗುರುತಿತ್ತು. ನಕ್ಕರೆ ಬಾಯಿ ಒಂದೇ ಕಡೆ ಏಳುತ್ತಿತ್ತು. ಆಸ್ಪತ್ರೆಯ ಫೈಲನ್ನು ಚಾಪೆಯಂತೆ ಹಾಸಿಕೊಂಡು ಅದರ ಮೇಲೇ ಕೂತಿದ್ದ.

“ಜೊಲ್ಲಿನ ಗ್ರಂಥ್ಯಾಗಿನ ಕ್ಯಾನ್ಸರ್ ಗಡ್ಡಿ ತಗದ ಒಗದಾರ, ರೇಡಿಯೇಶನ್ ಕರೆಂಟೂ ಕೊಟ್ಟಾರ. ಮುಗೀತಲ್ಲ?” ಅಂದ ಹೆಂಡತಿಗೆ.

“ಗಡ್ಡಿ ನರಕ್ಕ ಹತ್ತಿತ್ತಂತ್ರಿ. ಇಂಥಾವ್ರು ನೂರು ಮಂದ್ಯಾಗ ನಲವತ್ತು ಮಂದಿಗೆ ಮುಂದ ಫುಪ್ಪುಸಕ್ಕ ಹಬ್ಬತೈತಂತ. ಮೂರು ತಿಂಗಳಿಗೊಮ್ಮೆ ಎದಿ ಸ್ಕ್ಯಾನ್ ಮಾಡಸ್ಬೇಕಂದ್ರು ಡಾಕ್ಟರು.”

“ಅಂವ ಡಾಕ್ಟರೋ, ಗಿಣಿಶಾಸ್ತ್ರ ಹೇಳಾಂವೋ? ಈಗಿನ ಸ್ಕ್ಯಾನ್‌ದಾಗ ಒಂದ ಚುಕ್ಕಿ ಇಲ್ಲ. ಇಲ್ಲದ್ದನ್ನ ಹುಡುಕಾಕ ಮತ್ತ ಬರ್ಬೇಕಂತ!”

“ಮೂರು ತಿಂಗಳ ಬಿಟ್ಟ ಇಪ್ಪತ್ತನೇ ತಾರೀಖಿಗೆ ಬರ್ರಿ ಅಂದಾರ.”

“ನೀನ ಹೋಗ.”

ಅಷ್ಟರಲ್ಲಿ ಅವನ ಮೊಬೈಲ್ ಸದ್ದು ಮಾಡಿತು. ಓದಿದವನೇ ಗಡಿಬಿಡಿಯಿಂದ ತೋಟದ ಆಳಿಗೆ ಫೋನ್ ಹಚ್ಚಿದ.

“ಲಖನ, ಮೋಡ ಕವಿಯಾಕತ್ತೈತಿ. ದ್ರಾಕ್ಷಿಗೆ ದಾವಣಿ ರೋಗ ಬರೋ ಸಂಭವ ನೂರಕ್ಕ ಮೂವತ್ತಂತ ಆ್ಯಪ್‌ನ್ಯಾಗ ಬಂದೈತಿ. ನಾಳೆ ಮುಂಜಾನೆದ್ದ ಕೂಡ್ಲೇ ಔಷಧ ಹೊಡಿ.”

“ಎಲಿ ಮ್ಯಾಲ ಚುಕ್ಕಿ ಬಿದ್ದಾವೇನ್ರಿ?” ಹೆಂಡತಿ ಕೇಳಿದಳು.

“ಬಿದ್ದ ಮ್ಯಾಲ ಹೊಡದರ ಏನ್ ಬಂತ? ಇಷ್ಟ ವರ್ಷ ತೋಟದಾಗ ದುಡದೀ, ಅಷ್ಟೂ ತಿಳಿಯಂಗಿಲ್ಲ ನಿನಗ?”

ಅಥಣಿ ಸ್ಟ್ಯಾಂಡ್ ಬಂತು. ಆಕೆ ಎದ್ದು ನಿಂತಳು.

“ನನಗ ತಿಳೀತೈತ್ರಿ. ನಿಮ್ಮ ಶಾಣ್ಯಾತನ ಎಲ್ಲಾ ಬಳ್ಳಿಗೇ ಖರ್ಚಾಗೇತಿ. ಏಳ್ರಿ, ಫೈಲ್ ಕೊಡ್ರಿ.”

ಫೈಲಿನ ಧೂಳು ಕೊಡವಿ ಎದೆಗವಚಿಕೊಂಡು ಆಕೆ ಮುಂದೆ ಇಳಿದಳು. ಹಿಂದೆ ಇಳಿದ ಅವನು ನಗಲು ನೋಡಿದ. ಈ ಸಲ ಬಾಯಿ ಯಾವ ಕಡೆಯೂ ಏಳಲಿಲ್ಲ.