ಪಾಲಾಗದ ವೆಬ್‌ಸೈಟ್

ಸಣ್ಣ ವ್ಯಾಪಾರಿಗಳ ಸಂಘದ ಮಾನ್ಯ ಅಧ್ಯಕ್ಷರೇ, ಬೆಳಗ್ಗಿನಿಂದ ಮೈಕಿನ ಜೊತೆ ಗುದ್ದಾಡಿ ಸುಸ್ತಾಗಿರುವ ಕಾರ್ಯದರ್ಶಿಗಳೇ, ಸನ್ಮಾನ ಬೇಡವೇ ಬೇಡ ಎಂದು ಹಟ ಹಿಡಿದು ಕೊನೆಗೆ ಸಿಕ್ಕಿಬಿದ್ದಿರುವ ನಮ್ಮ ವೆಬ್‌ಸೈಟ್ ಮೇಡಂ ಅವರೇ, ಅಂಗಡಿಗೆ ಬೇಗ ಬಾಗಿಲು ಹಾಕಿಕೊಂಡು ಬಂದಿರುವ ಸಭಿಕರೇ,

ಮೇಡಂ ಬಗ್ಗೆ ಎರಡು ಮಾತಾಡಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಅವರು ನಿಮಗೆ ಮೇಡಂ. ನನಗೆ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಮನೆಯವರನ್ನು ಮನೆಯವರೇ ಹೊಗಳಿದರೆ ಚೆನ್ನಾಗಿರುವುದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಅವರ ಮೊದಲ ವಿದ್ಯಾರ್ಥಿ ನೀವು, ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರೂ ನೀವು, ನೀವೇ ಮಾತಾಡಬೇಕು ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಎರಡೂ ನಿಜವಾದ್ದರಿಂದ ಮೈಕಿನ ಮುಂದೆ ಬಂದು ನಿಂತಿದ್ದೇನೆ. ಅಣ್ಣನೂ ಬಂದಿದ್ದಾರೆ. ಅಗೋ, ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ.

ಮೊದಲು ನೀವು ಕೂತಿರುವ ಕುರ್ಚಿಯ ವಿಷಯ. ಈ ಸಭಾಂಗಣದ ಕುರ್ಚಿಗಳೆಲ್ಲ ನಮ್ಮ ಅಂಗಡಿಯವು. ಅಪ್ಪ ಇದ್ದ ಕಾಲದಲ್ಲಿ ನಾನೂ ಅಣ್ಣನೂ ಸೇರಿ ಮಾಡಿದವು. ಈಗ ಯಾರೂ ಬಗ್ಗಿ ಅಡಿಭಾಗ ನೋಡಬೇಡಿ, ನನ್ನ ಭಾಷಣ ಮುಗಿಯಲಿ. ಈ ಮಾತು ಯಾಕೆ ತೆಗೆದೆನೆಂದರೆ, ಅತ್ತಿಗೆ ನನಗೆ ವೆಬ್‌ಸೈಟ್ ಅಂದರೇನು ಎಂದು ಕಲಿಸಿದ್ದು ಕುರ್ಚಿಯನ್ನು ಇಟ್ಟುಕೊಂಡೇ.

ಆಗ ಅವರು ವೆಬ್‌ಸೈಟ್ ಮಾಡುವ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದರು. ನಮ್ಮ ಅಂಗಡಿಗೂ ಒಂದು ಬೇಕು ಎಂದು ನಾನೇ ದುಂಬಾಲು ಬಿದ್ದೆ. ಏನು ಬೇಕು ಹೇಳು ಎಂದರು. ವೆಬ್‌ಸೈಟ್ ಬೇಕು ಎಂದೆ. ಅತ್ತಿಗೆ ಎದುರಿಗಿದ್ದ ಕುರ್ಚಿಯನ್ನು ತಲೆಕೆಳಗು ಮಾಡಿ ಊಟದ ಮೇಜಿನ ಮೇಲೆ ಇಟ್ಟರು. ಕಾಲು, ಹಲಗೆ, ಬೆನ್ನು, ಇದು ಚೌಕಟ್ಟು, ವೆಬ್‌ಸೈಟಿನಲ್ಲಿ ಇದಕ್ಕೆ ಎಚ್‌ಟಿಎಂಎಲ್ ಅಂತಾರೆ ಎಂದರು. ಯಾವುದು ತಲೆಬರಹ, ಯಾವುದು ಚಿತ್ರ, ಯಾವುದನ್ನು ಒತ್ತಿದರೆ ಮುಂದಿನ ಪುಟ ಎನ್ನುವುದೆಲ್ಲ ಅದರಲ್ಲೇ ಇರುತ್ತದಂತೆ. ಮೇಲಿನ ಪಾಲಿಶು, ಬಣ್ಣ, ಅಳತೆಯ ಅಂದ, ಅದು ಸಿಎಸ್‌ಎಸ್. ಇನ್ನು ಕಚೇರಿಯ ತಿರುಗುವ ಕುರ್ಚಿ ಇದೆಯಲ್ಲ, ಹಿಡಿ ಎಳೆದರೆ ಮೇಲೆ ಹೋಗುತ್ತದೆ, ಒರಗಿದರೆ ಹಿಂದೆ ವಾಲುತ್ತದೆ, ಆ ಆಡುವ ಭಾಗವೇ ಜಾವಾಸ್ಕ್ರಿಪ್ಟ್. ಇಷ್ಟು ಗಿರಾಕಿಗೆ ಕಾಣುವುದು. ಕಾಣದ್ದು ಹಿಂದಿನ ಕಾರ್ಖಾನೆ. ಅದಕ್ಕೆ ಸರ್ವರ್ ಎಂದು ಹೆಸರು, ನಾವು ಬಾಡಿಗೆಗೆ ಹಿಡಿಯುವ ಜಾಗ. ಯಾವ ಮಾಲು ಎಷ್ಟಿದೆ, ಯಾರು ಏನು ಕೇಳಿದರು ಎಂದು ವಿಂಗಡಿಸಿಟ್ಟ ಉಗ್ರಾಣ ಡೇಟಾಬೇಸ್. ಕೊನೆಗೆ, ಇವೆಲ್ಲ ಇದ್ದೂ ಜನರಿಗೆ ದಾರಿ ಗೊತ್ತಾಗಬೇಡವೇ? ಆ ವಿಳಾಸವೇ ಡೊಮೇನ್.

ಸಭಿಕರೇ, ಇಷ್ಟು ಸರಳವಾದ ಮಾತನ್ನು ನಮಗೆ ಬೇರೆ ಯಾರಾದರೂ ಹೇಳಿದ್ದರೇ? ವೆಬ್‌ಸೈಟ್ ಮಾರಲು ಬಂದವರು ಉಸಿರು ಬಿಡದೆ ಒಂದಿಷ್ಟು ಹೆಸರು ಹೇಳುತ್ತಿದ್ದರು. ನಾವು ದಡ್ಡರೆಂದು ಗೊತ್ತಾಗಬಾರದೆಂದು ತಲೆಯಾಡಿಸುತ್ತಿದ್ದೆವು. ತಲೆಯಾಡಿಸದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಇಲ್ಲ. ಅತ್ತಿಗೆ ಈ ಸಂಘದಲ್ಲಿ ಭಾನುವಾರದ ತರಗತಿ ಶುರುಮಾಡಿದ ಮೇಲೆ ನಮಗೆ ಪ್ರಶ್ನೆ ಕೇಳುವ ಧೈರ್ಯ ಬಂತು. ಕೊಡೆ ಅಂಗಡಿಯವರು ತಮ್ಮ ಪುಟದ ತುಂಬ ಕೊಡೆಗಳು ಹಾರಾಡಬೇಕು ಎಂದು ಆಸೆಪಟ್ಟಿದ್ದರು. ಹಾರಾಟ ಮುಗಿಯುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಕೊಂಡು ಮನೆ ಸೇರಿರುತ್ತಾನೆ ಎಂದರು ಅತ್ತಿಗೆ. ನಮ್ಮ ಕನ್ನಡಕದಂಗಡಿಯವರ ವೆಬ್‌ಸೈಟಿನಲ್ಲಿ ಅಕ್ಷರ ಎಷ್ಟು ಸಣ್ಣಗಿತ್ತೆಂದರೆ, ಅದು ಅವರ ವ್ಯಾಪಾರದ ಉಪಾಯ ಎಂದೇ ನಾವೆಲ್ಲ ನಂಬಿದ್ದೆವು. ನಗಬೇಡಿ ಸ್ವಾಮಿ, ಇಲ್ಲೇ ಕೂತಿದ್ದಾರೆ. ಯಾರು ಏನೇ ಬೇಕೆಂದರೂ ಅತ್ತಿಗೆಯದು ಒಂದೇ ಪ್ರಶ್ನೆ: "ಇದು ಗಿರಾಕಿಗೆ ಬೇಕಾ, ನಿಮಗೆ ಬೇಕಾ?"

ಈ ಪ್ರಶ್ನೆಯನ್ನು ಅವರು ನನಗೂ ಅಣ್ಣನಿಗೂ ಇನ್ನೊಂದು ಸಂದರ್ಭದಲ್ಲಿ ಕೇಳಿದ್ದರು. ಹೇಳಬೇಕೋ ಬೇಡವೋ ತಿಳಿಯದು. ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ.

ಅಪ್ಪ ಹೋದ ಮೇಲೆ ನಾವಿಬ್ಬರೂ ಬೇರೆಯಾದದ್ದು ನಿಮಗೆಲ್ಲ ಗೊತ್ತು. ಯಾಕೆಂದು ಮಾತ್ರ ನಿಮಗೆ ಗೊತ್ತಿಲ್ಲ. ಸ್ಕ್ರೂ! ಕಾಲಿನ ಸಂದಿಗೆ ಸ್ಕ್ರೂ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದು ನಾನು. ಮರಕ್ಕೆ ಮರವನ್ನೇ ಕೂಡಿಸಬೇಕು, ಕಬ್ಬಿಣ ಮುಟ್ಟಿಸಿದರೆ ಅದು ಅಪ್ಪ ಕಲಿಸಿದ ಕೆಲಸ ಆಗುವುದಿಲ್ಲ ಎಂದು ಅಣ್ಣ. ಸ್ಕ್ರೂವಿನಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಗರಗಸ ಅವರಿಗೆ, ಮರ ನಯಮಾಡುವ ತೋಪಡ ನನಗೆ. ಅಪ್ಪನ ಸ್ಟೂಲನ್ನು ಯಾರೂ ಕೇಳಲಿಲ್ಲ, ಅದು ಗೋಡೆ ಮುಗಿಯುವ ಕಡೆ ಹೊರಗೆ ಇದೆ. ಬೆನ್ನಿನ ಮರವನ್ನು ಹಬೆಯಲ್ಲಿಟ್ಟು ಬಾಗಿಸುವ ವಿದ್ಯೆ ಅಣ್ಣನ ಕೈಯಲ್ಲಿ. ಬೆತ್ತದಿಂದ ಕೂರುವ ಜಾಗ ಹೆಣೆಯುವುದು ನನಗೆ ಬರುತ್ತದೆ. ಬೇರೆಯಾದ ಮೇಲೆ ಇಬ್ಬರೂ ಪೂರ್ತಿ ಕುರ್ಚಿ ಮಾಡತೊಡಗಿದೆವು. ನನ್ನ ಕುರ್ಚಿಯ ಬೆನ್ನಿಗೆ ಒರಗಿದವರಿಗೆ ಯಾವುದೋ ತಪ್ಪಿಗೆ ಶಿಕ್ಷೆ ಅನುಭವಿಸಿದ ಹಾಗೆ ಆಗುತ್ತದೆ. ಅಣ್ಣನ ಕುರ್ಚಿಯಲ್ಲಿ ಕೂತವರನ್ನು ಕೈಹಿಡಿದು ಮೇಲೆತ್ತಬೇಕು.

ಉಳಿದದ್ದು ವೆಬ್‌ಸೈಟ್. ಅದರಲ್ಲೂ ಪಾಲು ಕೇಳಿದೆವು. ಚಿತ್ರ ತೆಗೆದವನು ನಾನು, ಬಣ್ಣ ಆರಿಸಿದವನು ನಾನು, ಅಂದಚೆಂದವೆಲ್ಲ ನನ್ನದು ಎಂದು ಅಣ್ಣ. ಬರೆದದ್ದು ನಾನು, ಬರಹವೆಲ್ಲ ನನ್ನದು ಎಂದು ನಾನು. ಹೌದು ಸಭಿಕರೇ, ಮರ ಸೀಳಿದ ಹಾಗೆ ವೆಬ್‌ಸೈಟನ್ನೂ ಸೀಳಬಹುದೆಂದು ನಂಬಿದ್ದ ಇಬ್ಬರು ಬುದ್ಧಿವಂತರು ಈ ಊರಿನಲ್ಲಿದ್ದರು. ಅತ್ತಿಗೆ ವಾದ ಮಾಡಲಿಲ್ಲ. ಆಯಿತು, ನಾಳೆ ಮಧ್ಯಾಹ್ನ ಬನ್ನಿ, ಪಾಲು ಮಾಡಿಕೊಡುತ್ತೇನೆ ಎಂದರು.

ಮರುದಿನ ಅದೇ ಊಟದ ಮೇಜು. ಎರಡು ಲ್ಯಾಪ್‌ಟಾಪ್. ಇದು ನಿನ್ನ ಪಾಲು ಎಂದು ನನ್ನ ಕಡೆಗೆ ಒಂದನ್ನು ತಿರುಗಿಸಿದರು. ಸಿಎಸ್‌ಎಸ್ ಕಿತ್ತ ಬರೀ ಎಚ್‌ಟಿಎಂಎಲ್. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಎಡಕ್ಕೆ ಒತ್ತಿಕೊಂಡು ಉದ್ದಕ್ಕೂ ಸಾಲುಗಟ್ಟಿತ್ತು, ಒತ್ತುವ ಪದಗಳ ಕೆಳಗೆ ಅಲ್ಲಲ್ಲಿ ನೀಲಿ ಗೆರೆ. ನನ್ನದೇ ಬರಹ, ನನಗೇ ಓದಲು ಬೇಜಾರಾಯಿತು. ನನ್ನದು ಇಷ್ಟಾದರೂ ಇದೆ, ಅಣ್ಣನಿಗೆ ಏನು ಸಿಕ್ಕಿತು ನೋಡೋಣ ಎಂದು ಬಗ್ಗಿ ಇಣುಕಿದೆ. ಅಲ್ಲಿ ಏನೂ ಇರಲಿಲ್ಲ. ಬರೀ ಬಿಳಿ ಪರದೆ. ಅಲಂಕಾರವೆಲ್ಲ ಇದೆ, ಅಲಂಕಾರ ಮಾಡಲು ಒಂದು ಅಕ್ಷರವೂ ಇಲ್ಲ, ಚಿತ್ರ ಕೂರಿಸಲು ಚೌಕಟ್ಟೂ ಇಲ್ಲ. ಗುಂಡಿ ಒತ್ತಿದರೆ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಯಾರ ಪಾಲಿಗೆ ಎಂದು ಅಣ್ಣ ಮೆಲ್ಲಗೆ ಕೇಳಿದರು. ಒತ್ತಲು ಗಿರಾಕಿಯೇ ಬರುವುದಿಲ್ಲವಲ್ಲ, ಯಾರು ಇಟ್ಟುಕೊಂಡರೆ ಏನು ಎಂದರು ಅತ್ತಿಗೆ. ಆಮೇಲೆ ಕೇಳಿದರು: "ಪಾಲು ಗಿರಾಕಿಗೆ ಬೇಕಾಗಿತ್ತಾ, ನಿಮಗೆ ಬೇಕಾಗಿತ್ತಾ?"

ಅಂಥ ಹೊತ್ತಿನಲ್ಲಿ ಇನ್ಯಾರೇ ಆಗಿದ್ದರೂ ಬುದ್ಧಿ ಹೇಳುತ್ತಿದ್ದರು, ಅಪ್ಪನ ಹೆಸರೆತ್ತಿ ಅಳಿಸುತ್ತಿದ್ದರು. ಇವರು ಬಿಚ್ಚಿದ್ದನ್ನು ಮತ್ತೆ ಜೋಡಿಸಿದರು, ಆಮೇಲೆ ಒಂದು ಕೆಲಸ ಮಾಡಿದರು. ಡೊಮೇನನ್ನು, ಎಂದರೆ ವಿಳಾಸವನ್ನು, ಅಣ್ಣನ ಹೆಸರಿಗೆ ಮಾಡಿದರು. ಸರ್ವರಿನ ಬಾಡಿಗೆ ಜಾಗವನ್ನು ನನ್ನ ಹೆಸರಿಗೆ ಮಾಡಿದರು. ಅಣ್ಣ ವಿಳಾಸ ನವೀಕರಿಸದಿದ್ದರೆ ನನ್ನ ಜಾಗಕ್ಕೆ ದಾರಿಯಿಲ್ಲ. ನಾನು ಜಾಗ ಬಿಟ್ಟರೆ ಅವರ ವಿಳಾಸಕ್ಕೆ ಮನೆಯಿಲ್ಲ. ಇದೇ ಮೇಡಂ ನಿಮಗೆಲ್ಲ ತರಗತಿಯಲ್ಲಿ, ಡೊಮೇನೂ ಸರ್ವರೂ ಒಬ್ಬ ಮಾಲೀಕರ ಕೈಯಲ್ಲೇ ಇರಲಿ, ಹಂಚಬೇಡಿ ಎಂದು ಒತ್ತಿ ಹೇಳುತ್ತಾರೆ. ತಾವೇ ಆ ನಿಯಮ ಮುರಿದದ್ದು ನಮ್ಮಿಬ್ಬರಿಗೋಸ್ಕರ. ಇವರನ್ನು ನಾನು ಹೇಗೆ ಹೊಗಳಲಿ?

ಅಂದಿನಿಂದ ವೆಬ್‌ಸೈಟ್ ಒಂದು ದಿನವೂ ನಿಂತಿಲ್ಲ. ಆದರೆ ನಾವು ಮಾತಾಡುವುದು ಅತ್ತಿಗೆಯ ಮೂಲಕವೇ. ಅಣ್ಣನಿಗೆ ಹೇಳಿ ಎಂದು ನಾನು, ಅವನಿಗೆ ಹೇಳು ಎಂದು ಅವರು. ಪ್ಲೈವುಡ್ ಗೋಡೆ ತೆಳ್ಳಗಿದೆ ಸ್ವಾಮಿ. ಆ ಕಡೆಯ ಕೆಮ್ಮು ಈ ಕಡೆಗೆ ಕೇಳಿಸುತ್ತದೆ. ಗರಗಸದ ಸದ್ದು ನಿಂತರೆ ಟೀ ಕುಡಿಯುತ್ತಿದ್ದಾರೆ ಎಂದು ತಿಳಿಯುತ್ತದೆ. ಬಹಳ ಹೊತ್ತು ನಿಂತರೆ ನನ್ನ ಕೈಯೂ ನಿಲ್ಲುತ್ತದೆ. ಮತ್ತೆ ಸದ್ದು ಶುರುವಾದ ಮೇಲೆಯೇ ನಾನು ಬೆತ್ತ ಎತ್ತಿಕೊಳ್ಳುವುದು.

ಹೋದ ವಾರ ಅತ್ತಿಗೆ ಇಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ನಾನಿನ್ನು ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವುದಿಲ್ಲ, ನಿಮ್ಮ ನಡುವೆ ಮಾತು ಹೊರುವುದೂ ಇಲ್ಲ, ನನಗೆ ಸಾಕಾಗಿದೆ ಎಂದರು. ಅವರ ಬಾಯಲ್ಲಿ ಸಾಕಾಗಿದೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದಾದ ಎರಡು ದಿನಕ್ಕೇ ವೆಬ್‌ಸೈಟಿನಿಂದ ಒಂದು ಸಂದೇಶ ಬಂತು. ಒಂದು ಶಾಲೆಯವರಿಗೆ ಓದುವ ಕೋಣೆಗೆ ಕುರ್ಚಿ ಬೇಕಂತೆ. ಮಕ್ಕಳು ಬಹಳ ಹೊತ್ತು ಕೂರುತ್ತಾರೆ, ಈ ಸಭಾಂಗಣದಲ್ಲಿರುವಂಥವೇ ಬೇಕು ಎಂದು ಬರೆದಿದ್ದಾರೆ, ಉತ್ತರ ಕೊಡಲು ನಾಳೆಯೇ ಕೊನೆಯ ದಿನ. ಅಣ್ಣನ ಬೆನ್ನು, ನನ್ನ ಬೆತ್ತ. ಆ ಸಂದೇಶ ಇಬ್ಬರಿಗೂ ಬಂದಿದೆ. ಅವರು ಉತ್ತರಿಸಲಿ ಎಂದು ನಾನು, ನಾನು ಉತ್ತರಿಸಲಿ ಎಂದು ಅವರು. ಇವತ್ತಿನವರೆಗೂ ಯಾರೂ ಉತ್ತರಿಸಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಸನ್ಮಾನ ಎಂದರೇನು ಸಭಿಕರೇ? ಹೂಗುಚ್ಛ ಕೊಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಅದು ಸರಿಯೇ. ಈ ಹೆಂಗಸಿಗೆ ಏನು ಬೇಕು ಎಂದು ನಾವು ಕೇಳಿದ್ದೇವೆಯೇ? ಅತ್ತಿಗೆ, ತಲೆ ತಗ್ಗಿಸಬೇಡಿ. ಇದು ನಿಮ್ಮದೇ ಪ್ರಶ್ನೆ.

ಅಣ್ಣ, ನಾನು ಮೈಕಿನಲ್ಲಿ ಕೇಳ್ತಾ ಇದ್ದೀನಿ, ಎಲ್ಲರೂ ಸಾಕ್ಷಿ. ಆ ಮಕ್ಕಳ ಕುರ್ಚಿಗೆ ನೀನು ಬೆನ್ನು ಮಾಡಿಕೊಡ್ತೀಯಾ? ಹೆಣಿಗೆ ನಾನು ಹಾಕ್ತೀನಿ. ಸ್ಕ್ರೂ ಒಂದೂ ಹಾಕಲ್ಲ.

ಅಣ್ಣ ಎದ್ದು ನಿಂತಿದ್ದಾರೆ. ಬಾಗಿಲ ಕಡೆಗೆ ತಿರುಗಿದರೇನೋ ಎಂದುಕೊಂಡೆ. ಇಲ್ಲ, ತಾವು ಕೂತಿದ್ದ ಕುರ್ಚಿಯನ್ನು ತಲೆಕೆಳಗು ಮಾಡಿ ಅಡಿಭಾಗ ನೋಡುತ್ತಿದ್ದಾರೆ. ನೋಡಣ್ಣ, ಚೆನ್ನಾಗಿ ನೋಡು, ಒಂದೂ ಸ್ಕ್ರೂ ಇಲ್ಲ, ಅದು ನಾವಿಬ್ಬರೂ ಮಾಡಿದ್ದು. ಈಗ ಈ ಕಡೆಗೇ ಬರುತ್ತಿದ್ದಾರೆ. ದಯವಿಟ್ಟು ಸ್ವಲ್ಪ ದಾರಿ ಬಿಡಿ. ಅಧ್ಯಕ್ಷರೇ, ವೇದಿಕೆಯಲ್ಲಿ ಜಾಗ ಇಲ್ಲ ಎನ್ನಬೇಡಿ. ಅತ್ತಿಗೆಯ ಪಕ್ಕದ ಕುರ್ಚಿ ನನ್ನದು, ಅದರಲ್ಲಿ ಅಣ್ಣ ಕೂರಲಿ. ನಾನು ಹೇಗೂ ನಿಂತೇ ಇದ್ದೇನೆ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ, ಇಷ್ಟು ವರ್ಷ ನಮ್ಮಿಬ್ಬರನ್ನೂ ಸಹಿಸಿಕೊಂಡ ಅತ್ತಿಗೆಗೆ, ಧನ್ಯವಾದ. ನಮಸ್ಕಾರ.