ಕೂಗಿದ ಮೇಲಿನ ಸಣ್ಣ ಮಾತು

ಒಂದು ಊರು ಅಂದುಕೊಳ್ಳಿ. ಆ ಊರಲ್ಲೊಬ್ಬ ಶ್ರೀಮಂತ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನನ್ನು ಹುಡುಕಿಕೊಂಡು ಹೋಗುತ್ತೀರಿ, ನಿಮ್ಮನ್ನು ಹುಡುಕಿಕೊಳ್ಳುವುದಿಲ್ಲ. ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ. ದೊಡ್ಡ ಮನೆ, ಕಾರು, ಕರೆದರೆ ಓಡಿಬರುವ ಆಳುಗಳು. ಮನುಷ್ಯ ಕೆಟ್ಟವನಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡಬೇಕು, ಕೆಟ್ಟವನಲ್ಲ. ಕೆಟ್ಟವನ ಕಥೆಯಾದರೆ ಅದು ಬೇರೆ ಯಾರದೋ ಕಥೆ ಎಂದು ನಾವೆಲ್ಲ ಹಾಯಾಗಿ ಕೂತು ಕೇಳುತ್ತೇವೆ.

ಅವನಿಗೊಬ್ಬ ತಾಯಿ. ತಾಯಿಗೆ ಕಿವಿ ಮಂದ.

ಕಿವಿ ಮಂದ ಇರುವವರ ಜೊತೆ ಬದುಕಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ನಿಮ್ಮ ಮುಖದಲ್ಲೇ ಗೊತ್ತಾಗುತ್ತದೆ. ಹಾಗಾದರೆ ಆ ಮನೆಯ ಮಾತು ಹೇಗಿರುತ್ತಿತ್ತೆಂದು ನಿಮಗೆ ಹೇಳಬೇಕಾಗಿಲ್ಲ.

"ಅಮ್ಮಾ, ಊಟಕ್ಕೆ ಬಾ."

"ಯಾರು ಬಂದ್ರು?"

"ಯಾರೂ ಬಂದಿಲ್ಲ! ಊಟಕ್ಕೆ ಬಾ!"

"ಊಟಕ್ಕೆ ಬಂದವ್ರನ್ನ ಹಾಗೇ ಕಳಿಸ್ಬೇಡ ಕಣಪ್ಪ. ಒಂದು ಹಪ್ಪಳ ಕರಿಯೋಕೆ ಹೇಳು."

ನಗುತ್ತೀರಿ. ಒಮ್ಮೆ ಆದರೆ ನಗು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೀಗೇ ಆದರೆ? ಮಂಡಿಯಲ್ಲಿ ಹಗಲೆಲ್ಲ ಕೂಗಿ ಬಂದ ಗಂಟಲು ಮನೆಯಲ್ಲೂ ಕೂಗಬೇಕೆಂದರೆ?

ಕೂಗುವುದು ತಪ್ಪೇ? ಅಲ್ಲ. ಕೇಳಿಸದವರಿಗೆ ಕೂಗಿಯೇ ಹೇಳಬೇಕು. ಆದರೆ ಅವನ ಪ್ರತಿ ಕೂಗಿಗೂ ಒಂದು ಬಾಲ ಇತ್ತು. "ಮಾತ್ರೆ ತಗೊಂಡ್ಯಾ?" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಆಮೇಲೆ ಅಲ್ಲೇ ನಿಂತು, ದನಿ ತಗ್ಗಿಸಿ, "ದಿನಾ ಇದೇ ಗೋಳು" ಎನ್ನುತ್ತಿದ್ದ. "ಕನ್ನಡಕ ಟೀವಿ ಮೇಲಿದೆ!" ಕೂಗು. "ಪ್ರಾಣ ತಿಂತಾಳೆ." ಬಾಲ. ಸೊಸೆಯೂ ಕಲಿತಿದ್ದಳು. "ಅತ್ತೇ, ನೀರು ಕಾದಿದೆ!" ಎಂದು ಕೂಗಿ, "ಇನ್ನೆಷ್ಟು ಸಲ ಹೇಳ್ಬೇಕೋ" ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

ಕೂಗು ತಾಯಿಗೆ. ಸಣ್ಣ ಮಾತು ತಮಗೆ. ಯಾರಿಗೂ ನೋವಿಲ್ಲ, ಯಾಕೆಂದರೆ ಯಾರಿಗೂ ಕೇಳಿಸುವುದಿಲ್ಲ. ಕುಕ್ಕರು ಸೀಟಿ ಹಾಕಿದ ಹಾಗೆ, ಒಳಗಿನ ಹಬೆ ಹೊರಗೆ ಹೋಯಿತು, ಅಷ್ಟೇ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ದಿನ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಟೋಕನ್ ಕೊಟ್ಟರು, ಕೂತರು. ಮಂಡಿಯಿಂದ ಫೋನ್ ಬಂತೆಂದು ಇವನು ಹೊರಗೆ ಹೋದ. ಆ ಹೊತ್ತಿಗೇ ಒಳಗೆ ತಾಯಿಯ ಹೆಸರು ಕರೆದರು. ಮತ್ತೆ ಕರೆದರು. ತಾಯಿ ಎದುರಿನ ಗೋಡೆಯಲ್ಲಿದ್ದ ದೊಡ್ಡ ಕಣ್ಣಿನ ಚಿತ್ರ ನೋಡುತ್ತ ಕೂತಿದ್ದಳು. ಇವನು ಬಂದು ಕೇಳಿದರೆ, "ನಿಮ್ಮ ಸರದಿ ಹೋಯ್ತು, ಕೊನೇಲಿ ಬನ್ನಿ" ಎಂದರು. ಜಗಳ ಆಡಿದ. ಆಸ್ಪತ್ರೆಯಲ್ಲಿ ಜಗಳ ಆಡಿ ಗೆದ್ದವರು ಯಾರಿದ್ದಾರೆ? ಮಧ್ಯಾಹ್ನದ ಊಟ ಬಿಟ್ಟು ಕೂತ. ಅಲ್ಲೇ ತೀರ್ಮಾನ ಮಾಡಿದ, ಅಮ್ಮನಿಗೆ ಕಿವಿ ಮೆಷಿನ್ ಹಾಕಿಸಬೇಕು, ಎಷ್ಟಾದರೂ ಆಗಲಿ, ಒಳ್ಳೆಯದೇ ಹಾಕಿಸಬೇಕು.

ಹಾಕಿಸಿದ. ಮೊದಲೇ ಹೇಳಿದೆನಲ್ಲ, ಕೆಟ್ಟವನಲ್ಲ.

ಆ ಮೊದಲ ದಿನಗಳನ್ನು ನೀವು ನೋಡಬೇಕಿತ್ತು. ಕಿವಿಯ ಹಿಂದೆ ಪುಟ್ಟ ಬಸವನಹುಳದಂತೆ ಮೆಷಿನ್ ಕೂತಿದೆ. ತಾಯಿ ಮನೆಯಲ್ಲೆಲ್ಲ ಓಡಾಡುತ್ತಿದ್ದಾಳೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ನಿಂತು ಕೇಳುತ್ತಾಳೆ. ಸೊಸೆಯ ಬಳೆಯ ಸದ್ದಿಗೆ ತಿರುಗಿ ನೋಡುತ್ತಾಳೆ. ತನ್ನ ಕೋಣೆಯ ಫ್ಯಾನು ತಿರುಗುವಾಗ ಟಿಕ್ ಟಿಕ್ ಎನ್ನುವುದನ್ನು ಕೇಳಿಸಿಕೊಂಡು, "ಇದಿನ್ನೂ ಹಾಗೇ ಅಂತಿದೆಯಾ? ಸರಿ ಮಾಡಿಸ್ತೀನಿ ಸರಿ ಮಾಡಿಸ್ತೀನಿ ಅಂತಿದ್ರು ನಿಮ್ಮಪ್ಪ" ಎಂದಳು. ಫ್ಯಾನು ರಿಪೇರಿ ಮಾಡಿಸಲು ಮಗ ಆಳು ಕಳಿಸಿದರೆ, "ಬೇಡ, ಇರ್ಲಿ ಬಿಡು" ಎಂದು ವಾಪಸ್ಸು ಕಳಿಸಿದಳು.

ಆಮೇಲೆ ಒಂದು ದಿನ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟಳು.

"ಯಾಕಮ್ಮ?"

"ಗುಂಯ್ ಅನ್ನುತ್ತೆ ಕಣಪ್ಪ. ಬೇಡ."

ಹಾಕಿಕೋ ಎಂದು ಕೂಗಿದ. ಹಾಕಿಕೊಳ್ಳಲಿಲ್ಲ. ಅಷ್ಟೇ ಅಲ್ಲ. ಎಲ್ಲರ ಊಟ ಆದ ಮೇಲೆ ಒಬ್ಬಳೇ ಬಂದು ಉಣ್ಣತೊಡಗಿದಳು. ಯಾರನ್ನೂ ಏನೂ ಕೇಳುವುದಿಲ್ಲ. ಕನ್ನಡಕ ಎಲ್ಲಿ ಎಂದು ಕೇಳುವುದಿಲ್ಲ. ತಾನೇ ತಡವಿ ಹುಡುಕಿಕೊಳ್ಳುತ್ತಾಳೆ.

ಅವನಿಗೆ ಮೊದಲು ಏನನ್ನಿಸಿತು ಹೇಳಿ? ಹಾಯೆನಿಸಿತು. ಎಷ್ಟು ವರ್ಷದ ಮೇಲೆ ಮನೆ ತಣ್ಣಗಿದೆ! ಆದರೆ ಒಂದು ಸಂಜೆ ಮಂಡಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಏನೋ ಆಗಬೇಕಿತ್ತು, ಆಗಲಿಲ್ಲ. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬುದ್ಧಿ ಬಂದಾಗಿನಿಂದ ಅವನು ಚಪ್ಪಲಿ ಬಿಡುವಾಗ ನಡುಮನೆಯಿಂದ ಒಂದು ಮಾತು ಬರುತ್ತಿತ್ತು, "ಬಂದ್ಯಾ?" ಅದು ನಿಂತುಹೋಗಿತ್ತು. ಆ ಮಾತಿಗೆ ಅವನು ಯಾವತ್ತೂ ಉತ್ತರ ಕೊಟ್ಟವನಲ್ಲ. ಕಣ್ಣೆದುರಿಗೇ ಬಂದು ನಿಂತವನನ್ನು ಬಂದ್ಯಾ ಎಂದು ಕೇಳುವುದೇನು ಎಂದು ರೇಗುತ್ತಿದ್ದ. ಈಗ ಆ ಮಾತಿಲ್ಲದೆ ಒಳಗೆ ಕಾಲಿಡಲು ಆಗುತ್ತಿಲ್ಲ.

ಮೆಷಿನ್ ಕೆಟ್ಟಿದೆ, ಅದಕ್ಕೇ ಹೀಗೆ ಎಂದುಕೊಂಡ. ನಾವೆಲ್ಲ ಹಾಗೇ ಅಲ್ಲವೇ? ಏನೇ ಕೆಟ್ಟರೂ ಮೊದಲು ಮೆಷಿನ್ ಕಡೆ ನೋಡುತ್ತೇವೆ. ತಾಯಿಯನ್ನು ಕರೆದುಕೊಂಡು ಮತ್ತೆ ಕಿವಿ ಕ್ಲಿನಿಕ್ಕಿಗೆ ಹೋದ.

ಅಲ್ಲೂ ಕಾಯಿಸಿದರು. ಲಿಫ್ಟ್ ಇರಲಿಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಖಾಲಿ ಇರಲಿಲ್ಲ. ಇವರ ನಂತರ ಬಂದವರು ಯಾರೋ ಗುರುತಿನವರೆಂದು ಮೊದಲೇ ಒಳಗೆ ಹೋದರು. ಅವನು ಒಳಗೊಳಗೇ ಕುದಿಯುತ್ತಿದ್ದ. ತಾಯಿ ಮೆಷಿನ್ನಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಒಳಗೆ ಕಿವಿ ಪರೀಕ್ಷೆ ಮಾಡುವ ಹುಡುಗಿ ಮೆಷಿನ್ ತಿರುಗಿಸಿ ನೋಡಿದಳು, ತಾಯಿಯ ಕಿವಿಗೆ ಹಾಕಿದಳು. "ಸರ್, ನೀವು ಅಜ್ಜಿಯ ಹಿಂದೆ ನಿಂತ್ಕೊಳಿ. ತುಟಿ ಕಾಣಬಾರದು. ಸಣ್ಣ ದನೀಲಿ ಒಂದೊಂದೇ ಮಾತು ಹೇಳಿ. ಅಜ್ಜಿ, ನಿಮ್ಮ ಮಗ ಏನ್ ಹೇಳ್ತಾರೋ ಅದನ್ನ ಹಾಗೇ ತಿರುಗಿ ಹೇಳಬೇಕು. ಆಯ್ತಾ?"

"ಆಯ್ತಮ್ಮ" ಎಂದಳು ತಾಯಿ. ಸ್ಕೂಲಿನ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಬಾಗಿಲು" ಎಂದ ಮಗ.

"ಬಾಗಿಲು."

"ತಂಬಿಗೆ."

"ತಂಬಿಗೆ."

"ಕೊಬ್ಬರಿ."

"ಕೊಬ್ಬರಿ."

ಹುಡುಗಿ ನಕ್ಕಳು. "ಇನ್ನೂ ಸಣ್ಣಕ್ಕೆ ಹೇಳಿ ಸರ್." ಹೇಳಿದ. ಅದೂ ಕೇಳಿಸಿತು. ಒಂದೂ ತಪ್ಪಿಲ್ಲ. ಅವನಿಗೆ ರೇಗಿತು. ಅರ್ಧ ದಿನ ಹಾಳು, ಮೆಟ್ಟಿಲು ಹತ್ತಿದ್ದು ಹಾಳು. ಬಾಯಿಗೆ ಅಭ್ಯಾಸ ಇತ್ತಲ್ಲ, ಬಾಲ ತಾನಾಗಿ ಹೊರಬಂತು. ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಅಂದ:

"ಎಲ್ಲಾ ಕೇಳಿಸುತ್ತೆ. ಬರೀ ನಾಟಕ."

ತಾಯಿ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದಳು. ಅದೇ ದನಿಯಲ್ಲಿ, ಬಾಗಿಲು ಅಂದ ಹಾಗೆ, ತಂಬಿಗೆ ಅಂದ ಹಾಗೆ, ತಿರುಗಿ ಹೇಳಿದಳು:

"ಎಲ್ಲಾ ಕೇಳಿಸುತ್ತೆ. ಬರೀ ನಾಟಕ."

ನೋಡಿ, ಅವಳು ಬೈಯಲಿಲ್ಲ. ಅಳಲಿಲ್ಲ. ಹೇಳಿದ್ದನ್ನು ಹೇಳಿದಳು, ಅಷ್ಟೇ. ಹುಡುಗಿ ತಲೆ ಎತ್ತದೆ ಡಬ್ಬಿಯ ಮುಚ್ಚಳ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. "ಮೆಷಿನ್ ಚೆನ್ನಾಗಿದೆ ಸರ್" ಎಂದಳು.

ಹಿಂದಿನ ಸಾಲಿನಲ್ಲಿ ಕೂತಿರುವ ಹಾಲಪ್ಪನವರು ಆಗಿನಿಂದ ನಗುತ್ತಿದ್ದರು, ಈಗ ನಗು ನಿಲ್ಲಿಸಿದ್ದಾರೆ. ನಮ್ಮ ಶ್ರೀಮಂತನದೂ ಅದೇ ಸ್ಥಿತಿ. ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸಿದ. ಕಾರಿನಲ್ಲಿ ಕೂರಿಸಿದ. ಕೀಲಿ ತಿರುಗಿಸಲಿಲ್ಲ.

"ಅಮ್ಮ, ಮನೇಲೂ ಕೇಳಿಸ್ತಿತ್ತಾ?"

"ಮೆಷಿನ್ ಹಾಕಿದ್ಮೇಲೆ ಕೇಳಿಸ್ತು. ಮೊದ್ಲು ಇಲ್ಲ."

ತಾಯಿಯೇ ಮುಂದುವರಿಸಿದಳು. "ಮೊದ್ಲು ನೀನು ಕೂಗಿದ್ದು ಕೇಳಿಸ್ತಿತ್ತು. ಕೂಗಾದ್ಮೇಲೆ ಬಾಯಿ ಆಡೋದು ಕಾಣ್ತಿತ್ತು. ಮಾತ್ರೆ ತಗೋ ಅಂತ ಕೂಗಿ ಆಮೇಲೆ ಸಣ್ಣಕ್ಕೆ ಏನೋ ಅಂತಿದ್ದೆಯಲ್ಲ, ಅದನ್ನ 'ಹುಷಾರಮ್ಮ' ಅಂತಿದ್ದಾನೆ ಅನ್ಕೋತಿದ್ದೆ. ಊಟಕ್ಕೆ ಕರೆದು ಏನೋ ಅಂದ್ರೆ, 'ಹೊಟ್ಟೆ ತುಂಬ ಉಣ್ಣಮ್ಮ' ಅಂತಿದ್ದಾನೆ ಅನ್ಕೋತಿದ್ದೆ. ಚೆನ್ನಾಗಿತ್ತು ಕಣಪ್ಪ ಆವಾಗ." ಹೇಳುತ್ತಲೇ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಮುಚ್ಚಳ ಹಾಕಿದ ಮೇಲೆ ಅವನು ಏನು ಹೇಳಿದರೂ ಅವಳಿಗೆ ಕೇಳಿಸುವಂತಿರಲಿಲ್ಲ. ಕ್ಷಮಿಸು ಎಂದರೂ ಕೂಗಿ ಹೇಳಬೇಕು. ಕ್ಷಮಿಸು ಎಂದು ಕೂಗುವುದು ಹೇಗೆ? ಕಾರು ಬಿಟ್ಟುಕೊಂಡು ಬಂದ.

ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ತನ್ನ ಮಾತುಗಳೂ ಅವಳಿಗೆ ನೆನಪಾದವು. ಅಂದಳು: "ಅತ್ತೆಗೆ ಈಗ ಕೇಳಿಸ್ತು ಅಂತ ಹೀಗೆ ಒದ್ದಾಡ್ತಿದ್ದೀರಲ್ಲ, ನನ್ನ ಕಿವಿ ಮೊದಲಿಂದ್ಲೂ ಚೆನ್ನಾಗೇ ಇದೆ."

ಕೇಳಿದಿರಾ ತಾಯಂದಿರೇ? ಈಗ ನೀವು ನಗುತ್ತಿದ್ದೀರಿ.

ಆವತ್ತಿನಿಂದ ಅವನು ಬದಲಾದನೇ? ಇಲ್ಲ. ನಾಲಿಗೆ ಅಷ್ಟು ಬೇಗ ಮಾತು ಕೇಳುವುದಿಲ್ಲ. ಮರುದಿನವೇ "ಕನ್ನಡಕ ಕಿಟಕಿ ಹತ್ರ ಇದೆ!" ಎಂದು ಕೂಗಿದ, ಬಾಲ ಗಂಟಲಿಗೆ ಬಂತು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಎಷ್ಟೋ ಸಲ ಬಾಯಿ ಮುಚ್ಚುವ ಮೊದಲೇ ಮಾತು ಹೊರಬಿದ್ದಿತು. ಬರಿದೇ ನುಂಗುವುದು ಆಗದ ಕೆಲಸ ಎಂದು ಅವನಿಗೆ ಗೊತ್ತಾಯಿತು. ಬಾಯಿ ಆಡಿಯೇ ಆಡುತ್ತದೆ, ಅಲ್ಲಿ ಏನಾದರೂ ಹಾಕಬೇಕು. ಏನು ಹಾಕುವುದು?

ತಾಯಿಯೇ ಹೇಳಿಕೊಟ್ಟಿದ್ದಳಲ್ಲ! "ಮಾತ್ರೆ ತಗೋ!" ಎಂದು ಕೂಗಿದ. ಸಣ್ಣಗೆ, "ಹುಷಾರಮ್ಮ" ಎಂದ. ಹೇಳುವಾಗ ನಾಚಿಕೆಯಾಯಿತು. ಬೇರೆ ಯಾರದೋ ಅಂಗಿ ತೊಟ್ಟ ಹಾಗಿತ್ತು. ತಾಯಿಗೆ ಹೇಗೂ ಕೇಳಿಸುವುದಿಲ್ಲ, ಆದರೂ ಹೇಳಿದ. "ಊಟಕ್ಕೆ ಬಾ!" ಸಣ್ಣಗೆ, "ಹೊಟ್ಟೆ ತುಂಬ ಉಣ್ಣಮ್ಮ." ತಾಯಿ ಅವನ ತುಟಿಯನ್ನೇ ನೋಡುತ್ತಿದ್ದಳು. ದಿನ ಕಳೆದಂತೆ ಅಂಗಿ ಮೈಗೆ ಒಗ್ಗಿತು. ಎಷ್ಟೆಂದರೆ, ಕೂಗುವ ಮೊದಲೇ ಸಣ್ಣ ಮಾತು ನೆನಪಾಗುತ್ತಿತ್ತು, ಅದರಿಂದ ಕೂಗೂ ಸ್ವಲ್ಪ ಮೆತ್ತಗಾಗುತ್ತಿತ್ತು.

ಒಂದು ಬೆಳಿಗ್ಗೆ ತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವನು ಕಾಫಿ ತಂದು ಪಕ್ಕದಲ್ಲಿಟ್ಟ. "ಕಾಫಿ!" ಎಂದು ಕೂಗಿದ. ಆಮೇಲೆ ಹೊರಡಲು ತಿರುಗಿ, ಅವಳಿಗೆ ಬೆನ್ನು ಹಾಕಿಯೇ, ಅಭ್ಯಾಸದಂತೆ ಅಂದ:

"ಬಿಸಿ ಇದೆ, ನಿಧಾನ."

ಹಿಂದಿನಿಂದ ದನಿ ಬಂತು. ಸ್ಕೂಲಿನ ಮಕ್ಕಳ ದನಿ.

"ಬಿಸಿ ಇದೆ, ನಿಧಾನ."

ಅವನು ತಿರುಗಿದ. ತಾಯಿಯ ಕಿವಿಯ ಹಿಂದೆ ಆ ಪುಟ್ಟ ಬಸವನಹುಳ ಕೂತಿತ್ತು. ಯಾವಾಗ ಹಾಕಿಕೊಂಡಿದ್ದಳೋ, ಎಷ್ಟು ದಿನದಿಂದ ಕೇಳಿಸಿಕೊಳ್ಳುತ್ತಿದ್ದಳೋ!

"ಮೆಷಿನ್ ಚೆನ್ನಾಗಿದೆ ಕಣೋ" ಎಂದಳು. "ಇನ್ಮೇಲೆ ಹಾಗೆ ಕೂಗ್ಬೇಡ, ಕಿವಿ ನೋಯುತ್ತೆ."

ಆ ಸಂಜೆ ಅವನು ಚಪ್ಪಲಿ ಬಿಡುವಾಗ ನಡುಮನೆಯಿಂದ "ಬಂದ್ಯಾ?" ಎಂದು ಕೇಳಿಸಿತು. "ಬಂದೆ ಅಮ್ಮ" ಎಂದ. ಅಷ್ಟು ವರ್ಷದಲ್ಲಿ ಮೊದಲ ಸಲ ಉತ್ತರ ಕೊಟ್ಟ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ಚೆನ್ನಾಗಿದೆ, ಈ ಕಥೆ ನಮಗಲ್ಲ ಎನ್ನುತ್ತೀರಾ? ಫೋನ್ ಇಟ್ಟ ಮೇಲೆ ನೀವು ಅನ್ನುವ ಮಾತು ಯಾವುದು? ಮಗು ಅದೇ ಲೆಕ್ಕ ಮತ್ತೆ ತಪ್ಪು ಮಾಡಿದಾಗ ಪುಸ್ತಕ ತಳ್ಳುತ್ತ ಅನ್ನುವ ಮಾತು? ಗಂಡ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದು ಹೋದಾಗ ಅನ್ನುವ ಮಾತು? ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದವರ ಮಂಚದ ಪಕ್ಕ ನಿಂತು, ನಿದ್ದೆ ಮಾಡುತ್ತಿದ್ದಾರೆ ಬಿಡಿ ಎಂದು, ಡಾಕ್ಟರು ಬರಲಿಲ್ಲ, ಬೆನ್ನು ನೋಯುತ್ತಿದೆ, ಇದೆಲ್ಲ ಯಾವಾಗ ಮುಗಿಯುತ್ತದೋ ಎಂದು ಏನೇನು ಅಂದುಬಿಡುತ್ತೇವೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಆಮೇಲೆ ಯಾರನ್ನು ಕೇಳುವುದು?

ಕಿರಿಕಿರಿ ಮಾಡಿಕೊಳ್ಳಬೇಡಿ ಎಂದು ಹೇಳಲು ನಿಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಂಡಿಲ್ಲ. ಕಿರಿಕಿರಿ ಇರುತ್ತದೆ. ನಾಳೆಯೂ ಟೋಕನ್ ತಡವಾಗಿಯೇ ಬರುತ್ತದೆ. ಗ್ಯಾಸು ಒಗ್ಗರಣೆಯ ಹೊತ್ತಿಗೇ ಖಾಲಿಯಾಗುತ್ತದೆ. ಹೇಳಿದ್ದನ್ನೇ ಹೇಳಬೇಕಾಗುತ್ತದೆ, ಕೂಗಬೇಕಾಗುತ್ತದೆ. ಕೂಗಿ. ಕೂಗಿದ ಮೇಲಿನ ಆ ಸಣ್ಣ ಮಾತನ್ನು ಮಾತ್ರ ನೋಡಿಕೊಳ್ಳಿ. ಅದನ್ನು ನುಂಗಿ ಎಂದರೆ ಆಗುವುದಿಲ್ಲ, ಅವನಿಗೂ ಆಗಲಿಲ್ಲ. ಆ ಜಾಗದಲ್ಲಿ ಇನ್ನೊಂದು ಮಾತು ಇಡಿ. ಮೊದಮೊದಲು ಸುಳ್ಳೆನಿಸುತ್ತದೆ, ನಾಚಿಕೆಯಾಗುತ್ತದೆ. ಆದರೂ ಹೇಳಿ.

ಯಾವ ಮಾತು ಎಂದು ಯೋಚಿಸಬೇಡಿ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಎದುರಿಗೆ ಕೂತವರ ಮುಖ ನೋಡಿ. ನಿಮ್ಮ ತುಟಿ ಆಡುವುದನ್ನು ಅವರು ಎಷ್ಟು ವರ್ಷದಿಂದ ನೋಡುತ್ತಿದ್ದಾರೆ! ಅಲ್ಲಿ ನೀವು ಹೇಳದೇ ಇದ್ದ ಒಂದು ಒಳ್ಳೆಯ ಮಾತನ್ನು ಅವರೇ ಊಹಿಸಿ ಇಟ್ಟುಕೊಂಡಿದ್ದಾರೆ.

ಅದನ್ನೇ ಹೇಳಿ.