ಐದನೆಯ ಗ್ಲಾಸು

ಇನ್ನೊಂದು ಚೂರು ಹತ್ತಿರ ಬನ್ನಿ... ಮಕ್ಕಳು ಮಲಗಿದ್ದಾವೋ ನೋಡಿ. ಇದು ಜೋರಾಗಿ ಹೇಳುವ ಸಂಗತಿ ಅಲ್ಲ.

ನಮ್ಮ ಮೋನಪ್ಪ ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದ. ಒಂದು ಶನಿವಾರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಅಂಧೇರಿಯ ಚಾಳಿನಲ್ಲಿದ್ದ ತನ್ನ ಬಾಡಿಗೆ ಕೋಣೆಗೆ ನಡೆದು ಹೊರಟ. ಹೆಗಲ ಮೇಲೆ ಒಂದು ಟಾರ್ಪಾಲಿನ ಸುರುಳಿ. ಇಸವಿ ಐವತ್ತಾರೋ ಐವತ್ತೇಳೋ... ಡಿಸೆಂಬರ್ ಅಂತೂ ಹೌದು. ಬೊಂಬಾಯಿಯಲ್ಲಿ ಎಂತ ಚಳಿ ಅಂತ ನಗಬೇಡಿ. ಆ ವರ್ಷ ಫುಟ್‌ಪಾತಿನವರು ಗೋಣಿ ಹೊದ್ದು, ಕೂತೇ ಬೆಳಗು ಮಾಡುತ್ತಿದ್ದರು.

ಕೊನೆಯ ಲೋಕಲ್ ಹೋಗಿಯಾಗಿತ್ತು. ರೈಲು ಹಳಿಯ ಪಕ್ಕದ ದಾರಿ, ದೀಪ ಇಲ್ಲ. ನಡುವೆ ಒಂದು ಆಲದ ಮರ, ಅದರ ಬುಡದಲ್ಲಿ ಯಾರೂ ನೀರು ಸೇದದ ಬಾವಿ. ಮೋನಪ್ಪ ಬಾವಿ ದಾಟಿದ. ಆಗ ಹಿಂದಿನಿಂದ ಒಂದು ಸದ್ದು. ಹೆಜ್ಜೆಯದಲ್ಲ.

ಗರ್ರ್... ಗರ್ರ್... ಟೊಕ್.

ಅವನು ನಿಂತ. ಸದ್ದೂ ನಿಂತಿತು.

ಗುರುತಿನ ಸದ್ದೇ. ಹೋಟೆಲಿನ ಹಿಂದಿನ ಜಗಲಿಯಲ್ಲಿ ಒಂದು ರುಬ್ಬುವ ಕಲ್ಲು ಇತ್ತು. ಅದರ ಬಾಯಿ ಒಂದು ಕಡೆ ಒಡೆದಿತ್ತು. ಗುಂಡುಕಲ್ಲು ಸುತ್ತಿ ಬಂದಾಗಲೆಲ್ಲ ಅಲ್ಲಿ ತಾಗಿ ಟೊಕ್ ಅನ್ನುತ್ತಿತ್ತು. ಬೊಂಬಾಯಿಯೆಲ್ಲ ಹುಡುಕಿದರೂ ಅಂಥ ಕಲ್ಲು ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಹೋಟೆಲು ಎಷ್ಟೋ ಹಿಂದೆ ಉಳಿದಿತ್ತು... ಮೋನಪ್ಪ ಟಾರ್ಪಾಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದ. ತಿರುಗಿ ನೋಡಲಿಲ್ಲ. ಹೆದರಿಕೆ ಒಂದೇ ಕಾರಣ ಅಲ್ಲ.

ಆ ಟಾರ್ಪಾಲು ಅವನದಲ್ಲ.

ಅದು ಐತನದು. ಐತ ಅಂದರೆ ಆ ಹೋಟೆಲಿನ ರುಬ್ಬುವವ. ವಯಸ್ಸಾಗಿತ್ತು, ಹಿಂದೆ ಮುಂದೆ ಯಾರಿಲ್ಲ. ಇಡ್ಲಿ ದೋಸೆಯ ಹಿಟ್ಟೆಲ್ಲ ಅವನ ಕೈಯದೇ. ಉದ್ದಿನ ಹಿಟ್ಟು ಅವನ ಉಗುರಿನ ಸಂದಿಯಿಂದ ಎಂದೂ ಹೋದದ್ದಿಲ್ಲ. ಕಲ್ಲಿನ ಪಕ್ಕದಲ್ಲೇ ಅವನ ಮಲಗುವ ಜಾಗ. ಹೊದೆಯಲಿಕ್ಕೆ ಇದ್ದದ್ದು ಆ ಟಾರ್ಪಾಲು ಒಂದೇ, ಎರಡು ಮಡಿಕೆ ಮಾಡಿ.

ಮೋನಪ್ಪನಿಗೆ ಅದು ಯಾಕೆ ಬೇಕಾಯಿತು ಅಂದರೆ, ಮಗಳು ಪ್ರಫುಲ್ಲಾಳಿಂದ. ಶಾಲೆಯವರು ಮಕ್ಕಳನ್ನು ಪವಾಯಿ ಕೆರೆಗೆ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ಕ್ಯಾಂಪಿಗೆ ಬೇರೆ ಫ್ರಾಕು, ಬೇರೆ ಬೂಟು... ಇವಳು ಮನೆಯಲ್ಲೇ ಉಳಿದಳು. ಅಳಲಿಲ್ಲ. ತಾಯಿಯ ಸೀರೆಯನ್ನು ಮಂಚಕ್ಕೆ ಕಟ್ಟಿ, ತಮ್ಮ ಅಣ್ಣುವನ್ನು ಒಳಗೆ ಕೂರಿಸಿ, ಇದು ಟೆಂಟು ಅಂದಳು. ಮೋನಪ್ಪ ಅದನ್ನು ನೋಡಿದ. ಬರುವ ಭಾನುವಾರ ನನಗೆ ರಜೆ, ನಾವೇ ಕ್ಯಾಂಪಿಗೆ ಹೋಗುವ ಅಂತ ಹೇಳಿಬಿಟ್ಟ.

ಹೆಂಡತಿ ಅಕ್ಕುಗೆ ನಗು. "ಮನೆ ಇಲ್ಲದವರು ಬಯಲಲ್ಲಿ ಮಲಗ್ತಾರೆ. ನೀವು ಬಾಡಿಗೆ ಕೊಟ್ಟು ಮನೆ ಇಟ್ಟುಕೊಂಡು ಬಯಲಿಗೆ ಹೊರಟದ್ದಾ?"

ನಕ್ಕರೂ ತಯಾರಿ ಮಾಡಿದವಳು ಅವಳೇ. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದಳು. ಹಾಸಲಿಕ್ಕೆ ಸಕ್ಕರೆಯ ಗೋಣಿ. ಜೇಡರ ಬಲೆ ತೆಗೆಯುವ ಬಿದಿರು ಕೋಲು ಎರಡು, ಅವೇ ಟೆಂಟಿನ ಕಂಬ. ಒಲೆ ಬೇಡ, ಮೂರು ಕಲ್ಲು ಎಲ್ಲಿಯೂ ಸಿಗುತ್ತದೆ. ಕುಚ್ಚಲಕ್ಕಿ, ಉಪ್ಪಿನಕಾಯಿ, ಒಂದು ಪೊಟ್ಟಣ ಒಣಮೀನು. ಹೋಟೆಲಿನವರು ಎಸೆಯಲಿಕ್ಕೆ ಇಟ್ಟಿದ್ದ ಅಂಚು ಒಡೆದ ಗಾಜಿನ ಗ್ಲಾಸುಗಳು. ಮೇಲೆ ಹೊದಿಸಲಿಕ್ಕೆ ಒಂದಿಷ್ಟು ದಪ್ಪ ಬಟ್ಟೆ ಮಾತ್ರ ಸಿಗಲಿಲ್ಲ.

ಟೆಂಟಿಗೆ ನಿನ್ನ ಟಾರ್ಪಾಲು ಕೊಡು ಅಂತ ಐತನನ್ನು ಕೇಳಿದ. ಐತನಿಗೆ ಖುಷಿಯೋ ಖುಷಿ. ಈ ಊರಿಗೆ ಬಂದು ಇಷ್ಟು ವರ್ಷವಾಯಿತು, ಒಂದು ಕೆರೆ ನೋಡಲಿಲ್ಲ ಮಾರಾಯ, ನಾನೂ ಬರ್ತೇನೆ, ಮರದ ಕೆಳಗೆ ಕೂತು ಗಂಜಿ ಉಂಡು ಎಷ್ಟು ಕಾಲವಾಯಿತು ಅಂದ. ಆಯಿತು ಅಂದ ಮೋನಪ್ಪ. ಅಕ್ಕುಗೆ ಹೇಳಿದ್ದಕ್ಕೆ, ಬರಲಿ, ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕಿದರೆ ಆಯಿತು ಅಂದಳು.

ಆಮೇಲೆ ಮನಸ್ಸು ತಿರುಗಿದ್ದು ಮೋನಪ್ಪನದೇ. ಐತನಿಗೆ ನಾಲ್ಕು ದಿನದಿಂದ ಜ್ವರ, ರಾತ್ರಿಯಿಡೀ ಕೆಮ್ಮು. ಮಕ್ಕಳಿಗೆ ನಿದ್ದೆ ಬರಲಿಕ್ಕಿಲ್ಲ. ಇನ್ನೂ ನಿಜ ಹೇಳಬೇಕೆಂದರೆ... ವರ್ಷಕ್ಕೊಂದು ದಿನವಾದರೂ ಹೋಟೆಲಿನ ಮುಖ ಕಣ್ಣಿಗೆ ಬೀಳುವುದು ಬೇಡ ಅಂತ ಅವನಿಗೆ. ಅಕ್ಕುವಿನ ಹತ್ತಿರ, ಐತಣ್ಣನಿಗೆ ಬರಲಿಕ್ಕೆ ಮನಸ್ಸಿಲ್ಲವಂತೆ ಅಂದ.

ಆ ಶನಿವಾರ ರಾತ್ರಿ ಜಗಲಿಗೆ ಹೋದ. ಐತ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೆಮ್ಮು ಇರಲಿಲ್ಲ. ಒಳ್ಳೆಯ ನಿದ್ದೆ ಅಂದುಕೊಂಡ ಮೋನಪ್ಪ. ಟಾರ್ಪಾಲನ್ನು ಮೆಲ್ಲ ಎಳೆದ. ಬರಲಿಲ್ಲ. ಒಂದು ತುದಿ ಐತನ ಮುಷ್ಟಿಯಲ್ಲಿ ಇತ್ತು. ಒಂದೊಂದೇ ಬೆರಳು ಬಿಡಿಸಿದ. ಬೆರಳು ತಣ್ಣಗೆ... ಆದರೆ ಹಿಟ್ಟಿನಲ್ಲಿ ನೆನೆದ ಆ ಕೈ ಯಾವತ್ತೂ ತಣ್ಣಗೇ.

"ಐತಣ್ಣ... ಟಾರ್ಪಾಲು ಕೊಂಡುಹೋಗ್ತೇನೆ."

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ನಾನೂ ಬರ್ತೇನೆ."

"ಬಾ," ಅಂದ ಮೋನಪ್ಪ. "ನಾಳೆ ಕರೀಲಿಕ್ಕೆ ಬರ್ತೇನೆ."

ಕರೆಯಲಿಕ್ಕೆ ಹೋಗುವವನಲ್ಲ ಅಂತ ಹೇಳುವಾಗಲೇ ಅವನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ನಾಲ್ವರೂ ಅಂಧೇರಿಯಿಂದ ನಡೆದೇ ಹೊರಟರು. ಮರೋಲ್ ದಾಟಿ, ಸಾಕಿನಾಕಾ ದಾಟಿ. ಅಣ್ಣು ಅರ್ಧ ದಾರಿ ಅಪ್ಪನ ಹೆಗಲ ಮೇಲೆ. ಕೆರೆ ಕಂಡಾಗ ಪ್ರಫುಲ್ಲಾ ಚಪ್ಪಲಿ ಬಿಟ್ಟು ಓಡಿದಳು. ತಾಳೆಮರಗಳ ಹತ್ತಿರ ಚಪ್ಪಟೆ ಜಾಗ ನೋಡಿ ಕೋಲು ನೆಟ್ಟರು, ಹಗ್ಗ ಎಳೆದರು, ಟಾರ್ಪಾಲು ಹೊದಿಸಿದರು. ಸಾಂತಾಕ್ರೂಜಿನ ಕಡೆಯಿಂದ ಒಂದು ವಿಮಾನ ಘೊಂ... ಅಂತ ತಲೆಯ ಮೇಲೇ ಹೋಯಿತು. ಮಕ್ಕಳು ಕುಣಿದರು. ಮೋನಪ್ಪನೂ ನಕ್ಕ. ಆದರೆ ಟೆಂಟಿನೊಳಗೆ ತಲೆ ಹಾಕಿದರೆ ಸಾಕು, ಐತನ ಬೆವರು, ಹುಳಿ ಹಿಟ್ಟಿನ ವಾಸನೆ. ಮತ್ತೆ ಹೊರಗೆ ಬರುತ್ತಿದ್ದ.

ಕತ್ತಲಾಯಿತು. ಗಂಜಿ ಬೆಂದಿತು, ಕೆಂಡದಲ್ಲಿ ಒಣಮೀನು ಚಟಪಟ ಅಂದಿತು. ಟೆಂಟಿನ ಎದುರು ಸಾಲಾಗಿ ಪತ್ರಾವಳಿ ಹಾಕಿ ನೀರು ಇಟ್ಟವನು ಮೋನಪ್ಪ. ಹೋಟೆಲಿನ ಅಭ್ಯಾಸ ನಿಮಗೆ ಗೊತ್ತುಂಟಲ್ಲ. ಒಂದೊಂದು ಬೆರಳು ಒಂದೊಂದು ಗ್ಲಾಸಿನೊಳಗೆ ಅದ್ದಿ, ಒಂದೇ ಕೈಯಲ್ಲಿ ಎಲ್ಲ ಎತ್ತಿ ತಂದು ಟಕಟಕ ಇಡುವುದು. ಹಳೆಯ ಸಪ್ಲಾಯರು ಗಿರಾಕಿಗಳ ತಲೆ ಎಣಿಸುವುದೇ ಇಲ್ಲ. ಎಷ್ಟು ಜನ ಕೂತಿದ್ದಾರೋ ಅಷ್ಟೇ ಗ್ಲಾಸಿಗೆ ಬೆರಳು ತಾನಾಗಿ ಹೋಗುತ್ತದೆ. ತಪ್ಪುವುದಿಲ್ಲ.

ಅಕ್ಕು ಗಂಜಿಯ ಪಾತ್ರೆ ಹಿಡಿದು ನಿಂತಳು. ನಿಂತೇ ಇದ್ದಳು.

"ಐದನೆಯದು ಯಾರಿಗೆ?"

ಮೋನಪ್ಪ ನೋಡಿದ. ಐದು ಎಲೆ, ಐದು ಗ್ಲಾಸು. ಕೊನೆಯ ಎಲೆ ತಾಳೆಮರದ ಕೆಳಗೆ, ಕತ್ತಲೆಗೆ ತಾಗಿ. ಎತ್ತಲಿಕ್ಕೆ ಬಗ್ಗಿದ. ಅಕ್ಕು ಬಿಡಲಿಲ್ಲ. ಹಾಕಿ ನೀರಿಟ್ಟ ಎಲೆಯನ್ನು ಬರಿದಾಗಿ ಎತ್ತುವುದು ಅವಳ ತವರಿನಲ್ಲಿ ಇಲ್ಲ. ನಮ್ಮ ಹಿರಿಯರಿಗಿರಲಿ ಅಂತ ಗಂಜಿ ಬಡಿಸಿದಳು, ಮೀನಿನ ಚೂರು ಇಟ್ಟಳು. ಉಂಡ ಮೇಲೆ ಎಲ್ಲರನ್ನೂ ಒಳಗೆ ಕರೆದು ಟಾರ್ಪಾಲಿನ ಅಂಚು ಇಳಿಬಿಟ್ಟಳು. ಊರಲ್ಲಿ ಸತ್ತವರಿಗೆ ಬಡಿಸಿದರೆ ಸ್ವಲ್ಪ ಹೊತ್ತು ಬಾಗಿಲು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಇಲ್ಲಿ ಬಾಗಿಲು ಅಂದರೆ ಅದೇ.

ಮಕ್ಕಳು ಮಲಗಿದರು. ಕಪ್ಪೆಗಳು ವಟಗುಟ್ಟುತ್ತಿದ್ದವು. ಯಾವಾಗಲೋ ಒಮ್ಮೆಲೇ ಎಲ್ಲ ಸುಮ್ಮನಾದವು.

ಮೋನಪ್ಪನ ಕಿವಿ ನೆಲಕ್ಕೆ ತಾಗಿತ್ತು. ನೆಲದೊಳಗಿನಿಂದ...

ಗರ್ರ್... ಗರ್ರ್... ಟೊಕ್.

ಅಕ್ಕು ಅವನ ತೋಳು ಹಿಡಿದಳು. ಅವಳಿಗೂ ಕೇಳಿತ್ತು. ಸದ್ದು ಟೆಂಟನ್ನು ಒಂದು ಸುತ್ತು ಬಂತು. ತಾಳೆಮರದ ಹತ್ತಿರ ನಿಂತಿತು. ಆಮೇಲೆ ಗ್ಲಾಸು ಕಲ್ಲಿಗೆ ತಾಗಿದ ಸದ್ದು, ಟಿಣ್. ಸ್ವಲ್ಪ ಹೊತ್ತು ಏನೂ ಇಲ್ಲ...

ಸರ್ರ್.

ಟಾರ್ಪಾಲು ಒಂದು ಗೇಣು ಆ ಕಡೆ ಸರಿಯಿತು. ಗಾಳಿ ಇರಲಿಲ್ಲ. ಮತ್ತೆ ಸರ್ರ್... ಒಂದೇ ಹೊದಿಕೆಯಲ್ಲಿ ಇಬ್ಬರು ಮಲಗಿದಾಗ ಚಳಿಯಾದವನು ನಿದ್ದೆಯಲ್ಲೇ ತನ್ನ ಕಡೆಗೆ ಎಳೆದುಕೊಳ್ಳುತ್ತಾನಲ್ಲ, ಅದೇ ಎಳೆತ. ಸಿಟ್ಟಿನದಲ್ಲ.

ಪ್ರಫುಲ್ಲಾಳಿಗೆ ಎಚ್ಚರವಾಯಿತು. "ಅಪ್ಪ... ಯಾರಿಗೋ ಚಳಿ ಆಗ್ತಾ ಉಂಟು," ಅಂದಳು ಪಿಸುದನಿಯಲ್ಲಿ.

ಮೋನಪ್ಪನ ಕೈಯಲ್ಲಿ ಈ ಕಡೆಯ ಅಂಚು ಇತ್ತು. ಹಿಡಿದೇ ಇದ್ದ. ಆ ಕಡೆಯವನು ಎಳೆಯುತ್ತಾನೆ, ಇವನು ಬಿಡುವುದಿಲ್ಲ. ಕೊನೆಗೆ ಅವನ ಬೆರಳಿಗೆ ಏನೋ ತಾಗಿತು. ತಣ್ಣಗೆ, ಅಂಟಂಟು. ಅದು ಅವನ ಬೆರಳು ಬಿಡಿಸಲಿಕ್ಕೆ ಶುರುಮಾಡಿತು. ಒಂದೊಂದೇ... ನಿನ್ನೆ ಅವನು ಬಿಡಿಸಿದ ಹಾಗೆಯೇ.

"ತಕ್ಕೊ ಐತಣ್ಣ," ಅಂದ. "ತಪ್ಪಾಯಿತು. ನಿನ್ನದೇ, ತಕ್ಕೊ."

ಕೋಲು ಬಿತ್ತು. ಟಾರ್ಪಾಲು ಸರಸರ ಹೋಯಿತು. ನಾಲ್ವರೂ ಬಯಲು ಆಕಾಶದ ಕೆಳಗೆ ಗೋಣಿ ಹೊದ್ದು ಕೂತು ಬೆಳಗು ಮಾಡಿದರು.

ಬೆಳಕಾದಾಗ ನೋಡಿದರೆ ಟಾರ್ಪಾಲು ಐದನೆಯ ಎಲೆಯ ಪಕ್ಕದಲ್ಲೇ ಇತ್ತು. ಎರಡು ಮಡಿಕೆ ಮಾಡಿ, ಯಾರೋ ಹೊದ್ದು ಮಲಗಿದ ಹಾಗೆ ಉದ್ದಕ್ಕೆ. ಮೋನಪ್ಪ ಅಂಚು ಎತ್ತಿ ನೋಡಿದ. ಕೆಳಗೆ ಹುಲ್ಲು ಮಾತ್ರ. ಸುತ್ತಲೂ ಇಬ್ಬನಿ ಬಿದ್ದಿತ್ತು, ಅಷ್ಟು ಜಾಗ ಒಣಗಿತ್ತು.

ಸೀದಾ ಹೋಟೆಲಿಗೆ ಹೋದ. ಅಡುಗೆಯ ಸೀನ ಹಿಂದಿನ ಜಗಲಿ ತೊಳೆಯುತ್ತಿದ್ದ. ತಲೆ ಎತ್ತದೆ ಹೇಳಿದ, ಐತ ಹೋದ, ನಿನ್ನೆ ಬೆಳಿಗ್ಗೆ ನೋಡಿದ್ದು, ಸುಟ್ಟೂ ಆಯಿತು ಅಂತ. ಮೈಮೇಲೆ ಹೊದಿಕೆ ಅಂತ ಒಂದು ತುಂಡು ಬಟ್ಟೆ ಇರಲಿಲ್ಲವಂತೆ, ಇದ್ದ ಟಾರ್ಪಾಲನ್ನೂ ಯಾವನೋ ಕದ್ದನಂತೆ. ಮೋನಪ್ಪನ ಹೆಗಲ ಮೇಲೇ ಅದು ಇತ್ತು. ಸೀನ ಆಗ ನೋಡಿದ. ಪೊರಕೆ ಹಿಡಿದ ಕೈ ನಿಂತಿತು.

"ಯಾವ ಹೊತ್ತಿಗೆ ಹೋದದ್ದು?" ಅಂತ ಕೇಳಿದ ಮೋನಪ್ಪ.

"ಯಾರಿಗೆ ಗೊತ್ತು. ಶನಿವಾರ ಮುಸ್ಸಂಜೆಗೆ ರುಬ್ಬಿ ಮಲಗಿದ. ಊಟಕ್ಕೆ ಕರೆದೆ, ಏಳಲಿಲ್ಲ. ಆಗಲೇ ಹೋಗಿದ್ದನೋ... ಬೆಳಗಿನ ಜಾವದ ಚಳಿಗೆ ಹೋದನೋ."

ಈಗ ನೀವೇ ಯೋಚಿಸಿ. ಐತ ಊಟದ ಹೊತ್ತಿಗೇ ಸತ್ತಿದ್ದರೆ, ನಾನೂ ಬರ್ತೇನೆ ಅಂದವರು ಯಾರು? ಸತ್ತಿರಲಿಲ್ಲ ಅಂತಾದರೆ... ಜ್ವರದ ಮುದುಕನ ಹೊದಿಕೆ ಎಳೆದು ಆ ಚಳಿಗೆ ಬಿಟ್ಟು ಹೋದವನು ಯಾರು? ಎರಡರಲ್ಲಿ ಒಂದು ಆಗಲೇಬೇಕು. ಮೋನಪ್ಪ ಆಮೇಲೆ ಬದುಕಿದ್ದಷ್ಟು ಕಾಲವೂ ದೆವ್ವದ ಪಕ್ಷ ವಹಿಸಿದ. ಯಾರಾದರೂ ದೆವ್ವ ಗಿವ್ವ ಎಲ್ಲ ಸುಳ್ಳು ಅಂತ ನಕ್ಕರೆ, ಬೇರೆಯವರಾದರೆ ಜಗಳ ಆಡುತ್ತಾರೆ. ಇವನು ಆಡುತ್ತಿರಲಿಲ್ಲ. ಹಾಗೆ ಹೇಳಬೇಡಿ ಅಂತ ಕೈಮುಗಿಯುತ್ತಿದ್ದ. ಚಳಿಗಾಲದಲ್ಲಿ ಮೈಮೇಲೆ ಏನನ್ನೂ ಹೊದೆಯುತ್ತಿರಲಿಲ್ಲ.

ಆದದ್ದು ಮಾತ್ರ ಹೌದು. ಕನಸು ಅನ್ನುವ ಹಾಗಿಲ್ಲ, ಅಕ್ಕುಗೂ ಕೇಳಿತ್ತು, ಮಗಳಿಗೂ ಗೊತ್ತಾಗಿತ್ತು. ನಂಬಿಕೆ ಇಲ್ಲವಾದರೆ ಅಕ್ಕುವನ್ನೇ ಕೇಳಿ, ಅಂಧೇರಿಯ ಅದೇ ಚಾಳಿನಲ್ಲಿದ್ದಾಳೆ. ಆ ಬೆಳಿಗ್ಗೆ ಕೆರೆಯ ನೀರಿನಲ್ಲಿ ಗ್ಲಾಸು ತೊಳೆದವಳು ಅವಳು. ಐದನೆಯದು ಬರಿದಾಗಿತ್ತು, ಹೊರಗಡೆ ಬೆರಳಿನ ಗುರುತು. ಉದ್ದಿನ ಹಿಟ್ಟು. ಅವರು ಅಲ್ಲಿಗೆ ತಿನ್ನಲಿಕ್ಕೆ ಕೊಂಡುಹೋದದ್ದು ಅಕ್ಕಿ, ಉಪ್ಪಿನಕಾಯಿ, ಒಣಮೀನು ಅಷ್ಟೇ.

ಹಿಟ್ಟು ಇನ್ನೂ ಹಸಿ ಇತ್ತು.